ಸೂಜಿ ಹೋದ ದಾರಿ

ಒಂದು ಪಂಚರಿಗೆ ಒಂದು ತೂತು.
ಅದನ್ನು ಹುಡುಕುವುದು ನನಗೆ ಗೊತ್ತು:
ಟ್ಯೂಬಿಗೆ ಗಾಳಿ ತುಂಬಿ, ಬಾಣಲೆಯ ನೀರಲ್ಲಿ ಅದ್ದಿ
ತಿರುಗಿಸುತ್ತಾ ಹೋದರೆ
ಎಲ್ಲೋ ಒಂದು ಕಡೆ ಗುಳ್ಳೆ ಮಾತಾಡುತ್ತದೆ.

ಶಹತಾಜಕ್ಕ ತಂದಿಟ್ಟಿದ್ದು ಹಾಗಲ್ಲ.
ತುಮಕೂರಿನಿಂದ ಹನ್ನೊಂದು ಮೀಟರ್ ಪ್ಯಾರಾಚೂಟ್ ಬಟ್ಟೆ ತರಿಸಿ
ಬ್ಲೌಸ್ ಹೊಲಿಯುವ ಅದೇ ಮಿಷನ್ನಿನಲ್ಲಿ
ನಾಲ್ಕು ರಾತ್ರಿ ಕೂತು ಹೊಲಿದ ಡೇರೆ.
ಮಗ ಜುಬೇರ ಕಾಲೇಜಿನವರ ಜೊತೆ
ಮೈದನಹಳ್ಳಿ ಬಯಲಲ್ಲಿ ಒಂದು ರಾತ್ರಿ ಮಲಗಬೇಕಂತೆ,
ಬೆಳಗಿನ ಜಾವ ಎದ್ದು ಕೃಷ್ಣಮೃಗ ಎಣಿಸಬೇಕಂತೆ.
ಅಂಗಡಿ ಡೇರೆಯ ಬೆಲೆ ಕೇಳಿದವಳು
ಏನೂ ಅನ್ನದೆ ಅಳತೆ ಟೇಪು ಕೊರಳಿಗೆ ಹಾಕಿಕೊಂಡಳು.

ಹೊಲಿಗೆಗೆ ಹೆಸರಿಡುವ ಹಾಗಿಲ್ಲ.
ಮಡಿಚಿ, ಮತ್ತೆ ಮಡಿಚಿ, ಜೋಡಿ ದಾರ.
ಆದರೆ ಸೂಜಿ ಹೋದ ದಾರಿ ನೀರಿಗೂ ದಾರಿ.
ಬೆರಳಲ್ಲಿ ಸವರಿ ಲೆಕ್ಕ ಹಾಕಿದೆ:
ಗೇಣಿಗೆ ಎಂಬತ್ತು, ಮಾರಿಗೆ ಆರುನೂರರ ಮೇಲೆ...
"ಇಷ್ಟು ಪಂಚರ್ ಜೀವಮಾನದಲ್ಲಿ ಹಾಕಿಲ್ಲ ಕಣಕ್ಕ."
"ತೂತು ಮಾಡಿದೋಳು ನಾನು, ಓಬಳೇಶ.
ಮುಚ್ಚೋನಿಗೇನು ಕಷ್ಟ?"

ಮೊದಲು ಅವಳೇ ಬಿಳಿ ಗೋಂದು ಬಳಿದಿದ್ದಳು;
ನೀರು ಬಿದ್ದದ್ದೇ ತಡ, ಮಜ್ಜಿಗೆಯಾಗಿ ಇಳಿಯಿತು.
ರಟ್ಟಿನ ಡಬ್ಬಕ್ಕೆ ಅಂಟಿಸುವ ಕಂದು ಟೇಪು
ಮಧುಗಿರಿಯ ಬಿಸಿಲಿಗೆ,
ಎದುರಿನ ಏಕಶಿಲೆಯೇ ಕೆಂಡವಾಗುವ ಬಿಸಿಲಿಗೆ,
ಮಧ್ಯಾಹ್ನದೊಳಗೆ ಕರಿದ ಸಂಡಿಗೆಯ ಹಾಗೆ ಮುದುಡಿಕೊಂಡಿತು.

ಮೊದಲು ಉಜ್ಜಬೇಕು.
ನುಣುಪಾದದ್ದು ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ.
ಸಲ್ಯೂಷನ್ನಿಗೆ ಚೂರು ಪೆಟ್ರೋಲು ಬೆರೆಸಿ ತೆಳ್ಳಗೆ ಮಾಡಿ
ಜುಬೇರನ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ
ಹೊಲಿಗೆಯ ಉದ್ದಕ್ಕೂ ಎಳೆದೆ.
ಆಮೇಲೆ ಕಾಯಬೇಕು. ಹಸಿಯಲ್ಲಿ ಒತ್ತಿದರೆ ಜಾರುತ್ತದೆ,
ಮುಟ್ಟಿದ ಬೆರಳಿಗೆ ಒಣಗಿಹೋಯಿತು ಅನ್ನಿಸಿದ ಮೇಲೆಯೇ
ಅದಕ್ಕೆ ಹಿಡಿತ ಬರುವುದು.
ಕೆಲಸ ಕಲಿಯಲು ಬಂದ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.
ಅವಳು ನಂಬಿದಳು; ಎರಡು ಟೀ ತರಿಸಿದಳು.

ಬಟ್ಟೆಯ ಪಟ್ಟಿ ಇಟ್ಟು ಅವಳು ಆ ತುದಿ ಎಳೆದು ಹಿಡಿದಳು,
ನಾನು ಚಮಚದ ಬೆನ್ನಲ್ಲಿ ತೀಡುತ್ತಾ ಹೋದೆ.
ಬಸ್ಸಿಗೆ ಕಾಯುವವರು ಬಸ್ಸು ಬಿಟ್ಟು ನಮ್ಮನ್ನು ನೋಡಿದರು.

ರಾತ್ರಿ ಎರಡು ಅಂಗಡಿಯ ನಡುವೆ ಡೇರೆ ಎದ್ದು ನಿಂತಿತು.
ಒಳಗೆ ನಾನು. ಹೊರಗೆ ಅವಳು, ಟಾರ್ಚ್ ಹಿಡಿದು.
ಬಟ್ಟೆಯೆಲ್ಲ ಮಬ್ಬಾಗಿ ಬೆಳಗಿತು,
ಮುಚ್ಚದೆ ಉಳಿದ ತೂತು ಮಾತ್ರ ಚುರ್ರೆಂದು ಕಣ್ಣಿಗೆ.
ಸೀಮೆಸುಣ್ಣದಲ್ಲಿ ಗುರುತಿಡುತ್ತಾ ಹೋದೆ.
ಇಪ್ಪತ್ತೆರಡು ವರ್ಷ, ಹೊರಗೆ ಹೋಗುವುದನ್ನೇ ಹುಡುಕಿದವನು
ಒಳಗೆ ಬರುವುದನ್ನು ಹುಡುಕಿದ್ದು ಅದೇ ಮೊದಲು.
ನಲವತ್ತಮೂರು.
ಅವನ್ನೂ ಮುಚ್ಚಿದೆವು. ಕೊಡಪಾನ ಎತ್ತಿ ಸುರಿದಳು:
ನೆತ್ತಿಯ ಮೇಲೆ ತಮಟೆ, ಒಳಗೆ ನಾನು ಒಣ.
"ಇನ್ನೊಂದು ಸುರಿ" ಅಂದೆ, ಸುಮ್ಮನೆ.

ಜುಬೇರ ಹೋದ ರಾತ್ರಿ ನಾನು ಮೂರು ಸಲ ಎದ್ದು ಆಕಾಶ ನೋಡಿದೆ.
ಅವಳೂ ನೋಡಿದಳಂತೆ.
ಒಂದು ತುಂಡು ಮೋಡವಿಲ್ಲ.

ಬಂದವನನ್ನು ಇಬ್ಬರೂ ಒಟ್ಟಿಗೇ ಹಿಡಿದೆವು.
"ನೂರಾ ಹದಿನೇಳು ಮೃಗ" ಅಂದ, ಕಣ್ಣರಳಿಸಿ.
"ಡೇರೆ?"
"ಒಳಗೆ ಸೆಖೆ. ಎಲ್ಲ ಹೊರಗೇ ಮಲಗಿದ್ವಿ."

ಎಂಟು ದಿನಕ್ಕೆ, ಸಂಜೆ, ಗಾಳಿ ಎದ್ದು ಮಳೆ ಹೊಡೆಯಿತು.
ಜನ ಶೀಟಿನ ಕೆಳಗೆ ಓಡಿದರು.
ಶಹತಾಜಕ್ಕ ಮಾತ್ರ ಅಂಗಡಿ ಹಿಂದಿನ ಜಾಗದಲ್ಲಿ ಡೇರೆ ನೆಟ್ಟು
ಹುಕ್ಕು ಹಾಕುವ ಬ್ಲೌಸ್ ತೊಡೆ ಮೇಲಿಟ್ಟುಕೊಂಡು
ಒಳಗೆ ಹೋಗಿ ಜಿಪ್ ಎಳೆದುಕೊಂಡಳು.

ಸಲ್ಯೂಷನ್ ಟ್ಯೂಬು ಕೈಯಲ್ಲೇ ಹಿಡಿದು ಈಚೆಯಿಂದ ಕೂಗಿದೆ:
"ಅಕ್ಕಾ, ಸೋರ್ತದಾ?"
ತುಂಬಾ ಹೊತ್ತು ಬರೀ ಮಳೆ.
ಆಮೇಲೆ,
"ಒಂದೇ ಒಂದು ಕಡೆ."
"ಎಲ್ಲಿ?"
"ಹೇಳಲ್ಲ ಹೋಗು.
ಹೇಳಿದ್ರೆ ಮುಚ್ತೀಯ."